ಲೀಲಾವತಿಯ ಮುತ್ತು ಮತ್ತು ನಿಮ್ಮ ಎಟಿಎಂ ಪಿನ್: ಭಾಸ್ಕರಾಚಾರ್ಯರ ಕಥೆಯಲ್ಲಿ ನಿಜ ಯಾವುದು?

ಮಗಳ ಮದುವೆಯ ಮುಹೂರ್ತಕ್ಕೆ ಭಾಸ್ಕರಾಚಾರ್ಯರು ನೀರಿನ ಗಡಿಯಾರ ಇಟ್ಟಿದ್ದರು. ಲೀಲಾವತಿ ಬಗ್ಗಿ ನೋಡಿದಾಗ ಮುತ್ತೊಂದು ಜಾರಿ ಅದರ ರಂಧ್ರ ಮುಚ್ಚಿತು, ಮುಹೂರ್ತ ತಪ್ಪಿತು. ಮಗಳ ಸಮಾಧಾನಕ್ಕೆ ಅಪ್ಪ ಗಣಿತದ ಪುಸ್ತಕ ಬರೆದರು. ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ನಿಜವೇ?

ಈ ಕಥೆ ಅವರ ಪುಸ್ತಕದಲ್ಲಿ ಇಲ್ಲ. ನಾಲ್ಕು ಶತಮಾನಗಳ ನಂತರ, 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಮಾಡಿದ ಪರ್ಷಿಯನ್ ಅನುವಾದದಲ್ಲಿ ಅದು ಕಾಣಿಸುತ್ತದೆ.

ಖಚಿತವಾಗಿ ತಿಳಿದಿರುವುದು ಇಷ್ಟು: ಅವರು ಹುಟ್ಟಿದ್ದು 1114ರಲ್ಲಿ. ತಂದೆ ಮಹೇಶ್ವರರೇ ಗುರು. ಊರು ಸಹ್ಯಾದ್ರಿಯ ವಿಜ್ಜಡವಿಡ. ಅದು ನಮ್ಮ ವಿಜಯಪುರವೇ ಎಂದು ಹಲವರು ಹೇಳುತ್ತಾರೆ. ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣ ಎನ್ನುವವರೂ ಇದ್ದಾರೆ. ಅಜ್ಜನ ಗ್ರಂಥಗಳ ಪಾಠಕ್ಕೆ ಮೊಮ್ಮಗ ಚಂಗದೇವ ಮಠ ಮಾಡಿಸಿದ್ದನ್ನು ತಿಳಿಸುವ 1207ರ ಶಾಸನ ಪಾಟಣದಲ್ಲಿದೆ. ಹಾಗಾಗಿ ವಿಜಯಪುರವೇ ಎಂದು ಖಡಾಖಂಡಿತವಾಗಿ ಹೇಳುವ ಫಾರ್ವರ್ಡ್ ಅನ್ನೂ ಪೂರ್ತಿ ನಂಬಬೇಡಿ.

36ನೇ ವಯಸ್ಸಿಗೆ, 1150ರಲ್ಲಿ, ‘ಸಿದ್ಧಾಂತ ಶಿರೋಮಣಿ’ ಮುಗಿಯಿತು. ‘ಲೀಲಾವತಿ’ ಅದರ ಅಂಕಗಣಿತದ ಭಾಗ. ಅದರ ಕೊನೆಯ ಪಾಠಗಳಲ್ಲಿ ಒಂದು ಪ್ರಶ್ನೆ ಇದೆ: 2, 2, 1, 1 ಈ ಅಂಕಿಗಳಿಂದ ಎಷ್ಟು ಸಂಖ್ಯೆ ಮಾಡಬಹುದು?

ನಾಲ್ಕೂ ಬೇರೆ ಬೇರೆ ಅಂಕಿಗಳಾದರೆ 4×3×2×1, ಅಂದರೆ 24. ಆದರೆ ಎರಡು 2ಗಳನ್ನು ಅದಲುಬದಲು ಮಾಡಿದರೆ ಸಂಖ್ಯೆ ಬದಲಾಗದು, 1ಗಳೂ ಹಾಗೆಯೇ. ಆದ್ದರಿಂದ 24 ಅನ್ನು 2ರಿಂದ, ಮತ್ತೆ 2ರಿಂದ ಭಾಗಿಸಬೇಕು. ಉತ್ತರ 6. ಬರೆದು ನೋಡಿ: 2211, 2121, 2112, 1221, 1212, 1122. ಅವರ ಇನ್ನೊಂದು ಉದಾಹರಣೆ 4, 8, 5, 5, 5. ಅಲ್ಲಿ 120 ಅನ್ನು 6ರಿಂದ ಭಾಗಿಸಿದರೆ 20.

ಭಾಸ್ಕರರು ಎಣಿಸಿದ್ದು ಸಾಧ್ಯತೆಗಳನ್ನು ಮಾತ್ರ. ಅದನ್ನು ಸಂಭವನೀಯತೆಯ ಲೆಕ್ಕವಾಗಿ ಬೆಳೆಸಿದ್ದು 17ನೇ ಶತಮಾನದ ಯುರೋಪಿನ ಪಾಸ್ಕಲ್ ಮತ್ತು ಫರ್ಮಾ.

ಇದರಿಂದ ನಮಗೇನು? ಬೈಲಹೊಂಗಲದಲ್ಲೋ ಸಂಗೊಳ್ಳಿಯಲ್ಲೋ ನೀವು ಪಿನ್ ಒತ್ತುವಾಗ ಯಾರೋ ಕದ್ದು ನೋಡಿ, ಎರಡು 2, ಎರಡು 1 ಎಂದಷ್ಟೇ ತಿಳಿದುಕೊಂಡರು ಎನ್ನಿ. ಮೂರು ಬಾರಿ ಊಹಿಸಲು ಬಿಟ್ಟರೆ ಅವರು ಗೆಲ್ಲುವ ಸಂಭವ 6ರಲ್ಲಿ 3, ಅಂದರೆ ಅರ್ಧಕ್ಕರ್ಧ! ನಾಲ್ಕೂ ಬೇರೆ ಅಂಕಿಗಳಾಗಿದ್ದರೆ 24ರಲ್ಲಿ 3, ಅಂದರೆ ಎಂಟರಲ್ಲಿ ಒಂದು.

ಭಾಸ್ಕರರು 1183ರಲ್ಲಿ, 69ರ ವಯಸ್ಸಿನಲ್ಲೂ, ‘ಕರಣ ಕುತೂಹಲ’ ಬರೆದರು.

ನಮ್ಮ ತೀರ್ಪು: ಮುತ್ತಿನ ಕಥೆಗೆ ಅವರ ಕಾಲದ ಆಧಾರವಿಲ್ಲ. ಲೆಕ್ಕ ಮಾತ್ರ ಅಪ್ಪಟ ನಿಜ. ಫಾರ್ವರ್ಡ್ ಮಾಡುವುದಾದರೆ ಲೆಕ್ಕವನ್ನೇ ಮಾಡಿ; ಪಿನ್ ಒತ್ತುವಾಗ ಕೈ ಅಡ್ಡ ಹಿಡಿಯಿರಿ.