ಮಿನುಗು ತಾರೆ ಕಲ್ಪನಾ: ಅರವತ್ತರ ದಶಕಕ್ಕೆ ಉಡುಗೆ ಕಲಿಸಿದ ನಟಿ

ಕನ್ನಡ ಚಿತ್ರರಂಗದಲ್ಲಿ ‘ಮಿನುಗು ತಾರೆ’ ಎಂದರೆ ಇಂದಿಗೂ ನೆನಪಾಗುವ ಹೆಸರು ಕಲ್ಪನಾ. ಅವರು ಚಿತ್ರರಂಗಕ್ಕೆ ಬಂದದ್ದು 1963ರಲ್ಲಿ, ಬದುಕು ಮುಗಿದದ್ದು 1979ರಲ್ಲಿ. ಈ ಹದಿನಾರು ವರ್ಷಗಳಲ್ಲಿ ಅವರು ಜೀವ ತುಂಬಿದ ಪಾತ್ರಗಳನ್ನು ಕನ್ನಡಿಗರು ಮರೆತಿಲ್ಲ. ಅಷ್ಟೇ ಗಾಢವಾಗಿ ಉಳಿದುಬಂದದ್ದು ಅವರ ಸೀರೆ, ರವಿಕೆಯ ತೋಳು, ಕೈಬಳೆ ಮತ್ತು ತುರುಬಿನ ನೆನಪು.

ಕಲ್ಪನಾ ಹುಟ್ಟಿದ್ದು 1943ರ ಜುಲೈ 18ರಂದು, ದಕ್ಷಿಣ ಕನ್ನಡದಲ್ಲಿ. ಹೆತ್ತವರು ಇಟ್ಟ ಹೆಸರು ಶರತ್ ಲತಾ. ಹಾಸ್ಯನಟ ನರಸಿಂಹರಾಜು ಅವರ ಮೂಲಕ ನಿರ್ದೇಶಕ ಬಿ.ಆರ್. ಪಂತುಲು ಅವರ ಪರಿಚಯವಾಗಿ, ‘ಸಾಕು ಮಗಳು’ ಚಿತ್ರದಲ್ಲಿ ಅವಕಾಶ ದೊರೆಯಿತು. ಮರುವರ್ಷ ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ ತೆರೆಕಂಡಿತು. ಆದರೆ ಕಲ್ಪನಾ ಮನೆಮಾತಾದದ್ದು 1967ರಲ್ಲಿ. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ‘ಬೆಳ್ಳಿಮೋಡ’ ಆ ವರ್ಷ ಬಿಡುಗಡೆಯಾಯಿತು.

ಅದು ಊರುಗಳ ಬೀದಿಗಳು ಬಣ್ಣ ಬದಲಿಸುತ್ತಿದ್ದ ಕಾಲ. ತರುಣರು ಪಂಚೆಯನ್ನು ಬಿಟ್ಟು ಬಿಗಿಯಾದ ಪ್ಯಾಂಟು, ಟೆರಿಲಿನ್ ಅಂಗಿ ತೊಡತೊಡಗಿದ್ದರು. ಹಿಂದಿ ಚಿತ್ರಗಳ ದೇವ್ ಆನಂದ್, ಶಮ್ಮಿ ಕಪೂರ್ ಅವರ ತಲೆಗೂದಲು ಕ್ಷೌರದಂಗಡಿಯ ಕನ್ನಡಿಯಲ್ಲಿ ಮರುಹುಟ್ಟು ಪಡೆಯುತ್ತಿತ್ತು. ಹಣೆಯ ಮೇಲೆ ಕೂದಲು ಇಳಿಬಿಡುವ ‘ಸಾಧನಾ ಕಟ್’ ನಗರದ ಹುಡುಗಿಯರನ್ನು ಮರುಳು ಮಾಡಿತ್ತು. ಆದರೆ ಲಂಗ ದಾವಣಿಯಿಂದ ಸೀರೆಗೆ ದಾಟುವ ವಯಸ್ಸಿನ ಕನ್ನಡದ ವಿದ್ಯಾರ್ಥಿನಿಗೆ, ತನ್ನದೇ ಭಾಷೆಯಾಡುವ, ತನ್ನಂತೆಯೇ ಓದಿದ ನಾಯಕಿಯ ಮಾದರಿಯೊಂದು ಬೇಕಿತ್ತು. ಕಲ್ಪನಾ ಆ ಜಾಗವನ್ನು ತುಂಬಿದರು.

‘ಬೆಳ್ಳಿಮೋಡ’ ಮತ್ತು ‘ಗೆಜ್ಜೆ ಪೂಜೆ’ ಕಪ್ಪು ಬಿಳುಪಿನ ಚಿತ್ರಗಳು. ಆದ್ದರಿಂದ ಸೀರೆಯ ಬಣ್ಣ ಪ್ರೇಕ್ಷಕರಿಗೆ ತಿಳಿಯುತ್ತಿರಲಿಲ್ಲ. ಕಣ್ಣಿಗೆ ಬೀಳುತ್ತಿದ್ದುದು ಆಕಾರ ಮಾತ್ರ: ತೋಳಿನ ಉದ್ದ, ಅಂಚಿನ ಅಗಲ, ಸೆರಗಿನ ನಿಲುವು, ತುರುಬಿನ ಎತ್ತರ. ಅನುಕರಣೆಗೆ ಇದೇ ಅನುಕೂಲವಾಯಿತು. ರವಿಕೆ ಸಿದ್ಧ ಉಡುಪಾಗಿ ಸಿಗುತ್ತಿದ್ದುದು ಅಪರೂಪ. ಬಟ್ಟೆ ಕೊಂಡು, ಚಿತ್ರದಲ್ಲಿ ಕಂಡ ತೋಳನ್ನು ದರ್ಜಿಗೆ ಬಾಯಲ್ಲಿ ವಿವರಿಸಿ ಹೊಲಿಸಿಕೊಳ್ಳಬೇಕಿತ್ತು. ಮನೆಯಲ್ಲಿದ್ದ ಸೀರೆಗೇ ಹೊಸ ತೋಳಿನ ರವಿಕೆಯೊಂದು ಜೊತೆಯಾದರೆ, ಅಲ್ಪ ಖರ್ಚಿನಲ್ಲಿ ಹೊಸ ರೂಪ ಬರುತ್ತಿತ್ತು.

ಈ ಅಲೆ ಬೆಂಗಳೂರಿನಲ್ಲೇ ನಿಲ್ಲಲಿಲ್ಲ. ಮಲೆನಾಡಿನ ಹೆಬ್ಬಾಗಿಲಾದ ಶಿವಮೊಗ್ಗದಲ್ಲಿ ಸಹ್ಯಾದ್ರಿ ಕಾಲೇಜು ಇತ್ತು. ಅರವತ್ತರ ದಶಕದಲ್ಲಿ ಹೆಣ್ಣುಮಕ್ಕಳಿಗಾಗಿಯೇ ಕಮಲಾ ನೆಹರೂ ಕಾಲೇಜು ಆರಂಭವಾಯಿತು. ನೆರೆಯ ಭದ್ರಾವತಿಯಲ್ಲಿ ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ತಿಂಗಳ ಸಂಬಳ ಪೇಟೆಗೆ ಕಳೆ ತಂದಿತ್ತು. ಸಾಗರದ ದಾರಿಯಲ್ಲಿರುವ ಕುಂಸಿಯಂತಹ ಊರುಗಳನ್ನು ಬಸ್ಸು ಮತ್ತು ತಾಳಗುಪ್ಪದ ರೈಲು ಶಿವಮೊಗ್ಗಕ್ಕೆ ಬೆಸೆದಿದ್ದವು. ಓದಿಗೆ, ಸಂತೆಗೆ, ಸಿನಿಮಾಕ್ಕೆ ಜನ ಬರುತ್ತಿದ್ದುದು ಅದೇ ದಾರಿಯಲ್ಲಿ. ಗಾಂಧಿ ಬಜಾರಿನ ಬಟ್ಟೆ ಅಂಗಡಿ, ಬಳೆ ಅಂಗಡಿಗಳಿಗೆ ಹೊಸ ಬೇಡಿಕೆ ಬಂದದ್ದೂ ಅದೇ ದಾರಿಯಲ್ಲಿ.

ಹಿರಿಯರಿಗೆ ಇದು ಬೆಡಗು ಬಿನ್ನಾಣವಾಗಿ ಕಂಡಿರಬಹುದು. ಆದರೆ ಕಲ್ಪನಾ ಅವರ ಉಡುಗೆಯ ಹಿಂದೆ ಒಂದು ವ್ಯಕ್ತಿತ್ವವಿತ್ತು. ತ್ರಿವೇಣಿ ಅವರ ಕಾದಂಬರಿಯನ್ನು ಆಧರಿಸಿದ ‘ಬೆಳ್ಳಿಮೋಡ’ದ ಇಂದಿರಾ, ತನ್ನ ಆಸ್ತಿಗಾಗಿಯಷ್ಟೇ ತನ್ನನ್ನು ಬಯಸಿದ್ದ ಗಂಡನ್ನು ಕೊನೆಗೆ ತಾನೇ ನಿರಾಕರಿಸುತ್ತಾಳೆ. ತೀರ್ಥಹಳ್ಳಿಯಲ್ಲಿ ಜನಿಸಿದ ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಬಂದ ‘ಗೆಜ್ಜೆ ಪೂಜೆ’ಯ ಚಂದ್ರಾ, ಹುಟ್ಟಿನ ಕಳಂಕದಿಂದ ಪಾರಾಗಿ ಮರ್ಯಾದೆಯ ಬದುಕು ಬಾಳಲು ಹಂಬಲಿಸುತ್ತಾಳೆ. ಅಚ್ಚುಕಟ್ಟಾದ ಸೀರೆ, ಮಣಿಕಟ್ಟಿನವರೆಗೆ ಇಳಿದ ತೋಳು ಇಂತಹ ಹೆಣ್ಣುಮಕ್ಕಳ ಸ್ವಾಭಿಮಾನದ ಗುರುತಾದವು. ಅದನ್ನು ತೊಟ್ಟು ಕಾಲೇಜಿಗೆ ನಡೆದ ಹುಡುಗಿ, ತನ್ನ ಆಯ್ಕೆ ತನ್ನದು ಎಂಬುದನ್ನು ಬಾಯಿಬಿಡದೆಯೇ ಬೀದಿಗೆ ತಿಳಿಸುತ್ತಿದ್ದಳು.

1971ರಲ್ಲಿ ಬಂದ ‘ಶರಪಂಜರ’ ವರ್ಣಚಿತ್ರ. ಅದುವರೆಗೆ ಆಕಾರವಾಗಿದ್ದ ಕಲ್ಪನಾ ಅವರ ಸೀರೆಗಳು ಈಗ ಬಣ್ಣಗಳೊಂದಿಗೆ ಕಂಗೊಳಿಸಿದವು. ಆದರೆ ಕಥೆ ಕಠೋರವಾಗಿತ್ತು. ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳಿದ ಕಾವೇರಿಯ ಪ್ರತಿಯೊಂದು ನಡೆಯನ್ನೂ ಸುತ್ತಲಿನವರು ಶಂಕೆಯಿಂದಲೇ ಅಳೆಯುತ್ತಾರೆ. ಆಕೆ ಕೊನೆಗೆ ಆಸ್ಪತ್ರೆಗೇ ಹಿಂತಿರುಗಬೇಕಾಗುತ್ತದೆ. ಕಾವೇರಿಯ ಉಡುಗೆಯನ್ನು ಮೆಚ್ಚಿದ ಸಮಾಜವೇ ಕಾವೇರಿಯಂಥವರನ್ನು ಒಳಗೆ ಬಿಟ್ಟುಕೊಳ್ಳಲು ಸಿದ್ಧವಿರಲಿಲ್ಲ. ಚಿತ್ರ ಎತ್ತಿದ ಪ್ರಶ್ನೆ ಅದೇ ಆಗಿತ್ತು.

ರಾಜ್ಯ ಸರ್ಕಾರದ ಶ್ರೇಷ್ಠ ನಟಿ ಪ್ರಶಸ್ತಿ ಮೂರು ಬಾರಿ ಒಲಿದು ಬಂದ ಈ ಕಲಾವಿದೆ, ‘ಶರಪಂಜರ’ದ ನಂತರ ಪುಟ್ಟಣ್ಣ ಅವರ ಚಿತ್ರಗಳಲ್ಲಿ ಕಾಣಿಸಿಕೊಳ್ಳಲಿಲ್ಲ. ‘ಗಂಧದ ಗುಡಿ’ (1973), ‘ಎರಡು ಕನಸು’ (1974), ‘ಬಯಲು ದಾರಿ’ (1976) ಯಶಸ್ಸು ತಂದರೂ ಅವಕಾಶಗಳು ಕ್ರಮೇಣ ಕಡಿಮೆಯಾದವು. ಆಗ ಅವರು ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯತ್ತ ಮುಖ ಮಾಡಿ, ಗುಡಿಗೇರಿಯ ನಾಟಕ ಕಂಪನಿಯೊಂದಿಗೆ ಊರೂರು ಸುತ್ತಿದರು. 1979ರ ಮೇ ತಿಂಗಳಲ್ಲಿ, ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಬಳಿಯ ಗೋಟೂರಿನಲ್ಲಿ ಅಕಾಲ ಮರಣಕ್ಕೆ ತುತ್ತಾದರು. ಆಗ ಅವರಿಗೆ ಮೂವತ್ತಾರು ತುಂಬಿರಲಿಲ್ಲ.

ಅವರ ಸಾವಿನ ಸುತ್ತ ಹಬ್ಬಿದ ವದಂತಿಗಳು ಅವರ ಸಾಧನೆಗಿಂತ ಹೆಚ್ಚು ಚರ್ಚೆಯಾದದ್ದು ವಿಷಾದದ ಸಂಗತಿ. ಅವರ ತೋಳಿನ ರವಿಕೆಯನ್ನು ಹೊಲಿಸಿಕೊಂಡ ಹುಡುಗಿಯರು ಈಗ ಎಪ್ಪತ್ತು ದಾಟಿದ್ದಾರೆ. ಅವರಲ್ಲಿ ಅನೇಕರು ಶಿಕ್ಷಕಿಯರಾದರು, ಕಚೇರಿಗಳಿಗೆ ಹೋದರು, ಹೆಣ್ಣುಮಕ್ಕಳನ್ನು ಓದಿಸಿದರು. ಮಿನುಗು ತಾರೆ ಬೀದಿಗೆ ತಂದ ಫ್ಯಾಷನ್ ಕೆಲವೇ ವರ್ಷಗಳಲ್ಲಿ ಹಳೆಯದಾಯಿತು. ಅದನ್ನು ತೊಟ್ಟು ತಲೆಯೆತ್ತಿ ನಡೆಯುವ ರೂಢಿ ಮಾತ್ರ ಹಳೆಯದಾಗಲಿಲ್ಲ.