ಮಕ್ಕಳ ಮನೋವೈದ್ಯ ಡಾ. ಲಿಯೋ ಕ್ಯಾನರ್

ಆಟಿಸಂ ಎಂಬ ಪದ ಇಂದು ಹಳ್ಳಿಯ ಅಂಗನವಾಡಿಗಳಲ್ಲೂ ಕೇಳಿಬರುತ್ತದೆ. ಮಕ್ಕಳಲ್ಲಿ ಕಾಣುವ ಈ ಸ್ಥಿತಿಗೆ 1943ರಲ್ಲಿ ಆ ಹೆಸರು ನಿಲ್ಲುವಂತೆ ಮಾಡಿದವರು ಡಾ. ಲಿಯೋ ಕ್ಯಾನರ್. ಇವರೂ ಗಡಿನಾಡಿನವರೇ. 1894ರ ಜೂನ್ 13ರಂದು ಆಸ್ಟ್ರಿಯಾ ಸಾಮ್ರಾಜ್ಯದ ಅಂಚಿನಲ್ಲಿ, ರಷ್ಯಾದ ಗಡಿಗೆ ಹತ್ತಿರವಿದ್ದ ಬ್ರೋಡಿ ಪಟ್ಟಣದ ಬಳಿಯ ಹಳ್ಳಿಯೊಂದರ ಯಹೂದಿ ಮನೆಯಲ್ಲಿ ಹುಟ್ಟಿದರು. ಆ ಊರು ಈಗ ಉಕ್ರೇನಿನಲ್ಲಿದೆ.

ಬರ್ಲಿನ್‌ನಲ್ಲಿ ವೈದ್ಯಕೀಯ ಓದಿ 1924ರಲ್ಲಿ ಅಮೆರಿಕಕ್ಕೆ ಹೋದರು. 1930ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಆರಂಭಿಸಿದರು. 1935ರಲ್ಲಿ ಆ ವಿಷಯದ ಪಠ್ಯಪುಸ್ತಕವನ್ನೂ ಬರೆದರು. ಬುದ್ಧಿಮಾಂದ್ಯ ಹೆಣ್ಣುಮಕ್ಕಳನ್ನು ಸರ್ಕಾರಿ ಆಶ್ರಯಧಾಮದಿಂದ ಬಿಡಿಸಿ ಸಿರಿವಂತರ ಮನೆಗೆಲಸಕ್ಕೆ ಕಳಿಸುತ್ತಿದ್ದ ಜಾಲವನ್ನು 1937ರಲ್ಲಿ ಬಯಲಿಗೆಳೆದವರೂ ಇವರೇ.

1938ರಲ್ಲಿ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಿಂದ ಒಂದು ಪತ್ರ ಬಂತು. ವಕೀಲರಾಗಿದ್ದ ತಂದೆ ಮಗನ ನಡತೆಯನ್ನು 33 ಪುಟ ಟೈಪ್ ಮಾಡಿಸಿ ಕಳಿಸಿದ್ದರು. ಹುಡುಗ ಡೊನಾಲ್ಡ್‌ಗೆ ಐದು ವರ್ಷ. ಎರಡು ವರ್ಷಕ್ಕೇ ನೂರರವರೆಗೆ ಎಣಿಸುತ್ತಿದ್ದ. ಆದರೆ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಪಾತ್ರೆ, ಮರದ ತುಂಡುಗಳನ್ನು ಬುಗುರಿಯಂತೆ ತಿರುಗಿಸುತ್ತ ಕೂರುತ್ತಿದ್ದ. ನಾನು ಎನ್ನಬೇಕಾದಲ್ಲಿ ನೀನು ಎನ್ನುತ್ತಿದ್ದ. ವೈದ್ಯರು ಪರೀಕ್ಷೆ ಮಾಡುವುದಕ್ಕೂ ಮೊದಲು ಹೆತ್ತವರು ಕಂಡದ್ದನ್ನು ಹೇಳಿದ್ದರು. ಕ್ಯಾನರ್ ಅದನ್ನು ಪಕ್ಕಕ್ಕಿಡದೆ ಓದಿದರು. ಇಂದಿಗೂ ಆಟಿಸಂ ತಪಾಸಣೆಯಲ್ಲಿ ರಕ್ತಪರೀಕ್ಷೆಗಿಂತ ಮನೆಯವರ ಮಾತೇ ಮುಖ್ಯ.

ಇಂಥ 11 ಮಕ್ಕಳ, ಎಂಟು ಗಂಡು ಮೂರು ಹೆಣ್ಣು, ವಿವರವನ್ನು ಕ್ಯಾನರ್ 1943ರಲ್ಲಿ ಪ್ರಕಟಿಸಿದರು. ಇದು ಹುಟ್ಟಿನಿಂದಲೇ ಬಂದದ್ದು ಎಂದು ಬರೆದರು. (ಸೋವಿಯತ್ ವೈದ್ಯೆ ಸುಖರೇವಾ 1925ರ ವೇಳೆಗೇ ಇಂಥ ಮಕ್ಕಳ ಬಗ್ಗೆ ಬರೆದಿದ್ದರು, ಆ ಕೀರ್ತಿ ಅವರಿಗೆ ಬಹುಕಾಲ ಸಿಗಲಿಲ್ಲ.)

ಆದರೆ ಅದೇ ಲೇಖನದಲ್ಲಿ ಈ ಮಕ್ಕಳ ತಂದೆತಾಯಿಗಳಲ್ಲಿ ಬೆಚ್ಚನೆಯ ಮನಸ್ಸಿನವರು ಕಡಿಮೆ ಎಂದೂ ಬರೆದಿದ್ದರು. 1949ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳನ್ನು ಮಂಜುಪೆಟ್ಟಿಗೆಯಲ್ಲಿ ಇಟ್ಟಂತೆ ಬೆಳೆಸಿದ್ದಾರೆ ಎಂಬ ಹೋಲಿಕೆ ಕೊಟ್ಟರು. ಬೇರೆಯವರು ಅದನ್ನೇ ಹಿಡಿದು ಬೆಳೆಸಿದರು. ತಾಯಿಗೆ ಪ್ರೀತಿಯಿಲ್ಲ, ಅದಕ್ಕೇ ಮಗು ಹೀಗಾಯಿತು ಎಂಬ ಅಪವಾದ ಎರಡು ದಶಕ ಸಾವಿರಾರು ತಾಯಂದಿರ ತಲೆಯ ಮೇಲೆ ಕೂತಿತು. ನಮ್ಮ ಕಡೆಯೂ ತಾಯಿಯನ್ನೇ ದೂರುವ ನಾಲಗೆಗಳಿಗೆ ಬರವಿಲ್ಲ. 1969ರಲ್ಲಿ ಹೆತ್ತವರ ಸಂಘದ ಸಭೆಯಲ್ಲಿ ಕ್ಯಾನರ್ ಎದ್ದುನಿಂತು ತಂದೆತಾಯಿಗಳು ನಿರಪರಾಧಿಗಳೆಂದು ಸಾರಿದರು. ತಡವಾಗಿಯೇ ಆದರೂ ಸಭೆಯ ಮುಂದೆಯೇ ಹೇಳಿದರು.

1971ರಲ್ಲಿ ಆ 11 ಮಕ್ಕಳು ಏನಾದರು ಎಂದು ವಿಚಾರಿಸಿ ಬರೆದರು. ಸರ್ಕಾರಿ ಆಶ್ರಯಧಾಮ ಸೇರಿದ್ದವರು ಬಂದಿದ್ದ ಅಲ್ಪಸ್ವಲ್ಪ ಕೌಶಲವನ್ನೂ ಕಳೆದುಕೊಂಡಿದ್ದರು. ಡೊನಾಲ್ಡ್‌ನ ಕಥೆ ಬೇರೆ. ಅವನನ್ನು ಕೆಲಕಾಲ ಊರಿನ ಹತ್ತಿರದ ಒಬ್ಬ ರೈತ ದಂಪತಿಯ ಮನೆಯಲ್ಲಿ ಬಿಟ್ಟಿದ್ದರು. ಎಣಿಸುವ ಹುಚ್ಚನ್ನು ಅವರು ಬಿಡಿಸಲು ಹೋಗಲಿಲ್ಲ, ಜೋಳದ ಸಾಲು ಎಣಿಸು ಎಂದರು. ಹುಡುಗ ಸಾಲು ಎಣಿಸುತ್ತ ಕುದುರೆ ಕಟ್ಟಿ ಉಳುವುದನ್ನು ಕಲಿತ. 1945ರಲ್ಲಿ ಕ್ಯಾನರ್ ಸ್ವತಃ ಹೋಗಿ ಅದನ್ನು ನೋಡಿ ಬಂದಿದ್ದರು. ಮುಂದೆ ಡೊನಾಲ್ಡ್ ಕಾಲೇಜು ಓದಿ, ಊರಿನ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರು, ಕಾರು ಓಡಿಸಿದರು, ದೇಶ ವಿದೇಶ ಸುತ್ತಿದರು.

ಭಾರತದಲ್ಲಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಮತ್ತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡರಲ್ಲೂ ಆಟಿಸಂ ಸೇರಿದೆ. ಇವು ಕೇಂದ್ರದ ಕಾಯ್ದೆಗಳಾದ್ದರಿಂದ ಗಡಿಯ ಆಚೆಗೂ ಈಚೆಗೂ ಒಂದೇ.

ಕ್ಯಾನರ್ 1981ರ ಏಪ್ರಿಲ್ 3ರಂದು ಮೇರಿಲ್ಯಾಂಡ್‌ನಲ್ಲಿ ತೀರಿಕೊಂಡರು. ಡೊನಾಲ್ಡ್ ತಮ್ಮ ಊರಿನಲ್ಲೇ ಬಾಳಿ, 2023ರ ಜೂನ್‌ನಲ್ಲಿ 89ನೇ ವಯಸ್ಸಿನಲ್ಲಿ ನಿಧನರಾದರು.