ಛಾಯಾಗ್ರಾಹಕ ಟಿ. ಎಸ್. ಸತ್ಯನ್

ಪತ್ರಿಕಾ ಛಾಯಾಗ್ರಹಣವು ಜೀವನಕ್ಕೆ ಆಧಾರವಾಗಬಲ್ಲದೆಂದು ಹೆಚ್ಚಿನವರು ನಂಬದಿದ್ದ ಕಾಲದಲ್ಲಿ ಆ ವೃತ್ತಿಯನ್ನು ಆರಿಸಿಕೊಂಡ ಧೀರರು ಟಿ. ಎಸ್. ಸತ್ಯನ್. ಅವರು 1923ರ ಡಿಸೆಂಬರ್ 18ರಂದು ಮೈಸೂರಿನಲ್ಲಿ ಜನಿಸಿದರು. ಮಹಾರಾಜ ಕಾಲೇಜಿನಲ್ಲಿ ಪದವಿ ಪಡೆದು, 1948ರಲ್ಲಿ ಬೆಂಗಳೂರಿನ ಡೆಕ್ಕನ್ ಹೆರಾಲ್ಡ್ ಪತ್ರಿಕೆಯನ್ನು ಸೇರಿದರು. ಮುಂದೆ ನಿಶ್ಚಿತವಾದ ಸಂಬಳವನ್ನು ತೊರೆದು ಸ್ವತಂತ್ರ ಛಾಯಾಗ್ರಾಹಕರಾದರು.

ಜವಾಹರಲಾಲ್ ನೆಹರೂ, ಆರ್. ಕೆ. ನಾರಾಯಣ್ ಮೊದಲಾದ ಗಣ್ಯರ ಭಾವಚಿತ್ರಗಳು ಅವರಿಗೆ ಕೀರ್ತಿಯನ್ನು ತಂದವು. ಆದರೆ ಅವರ ಮನಸ್ಸು ಗಣ್ಯರಲ್ಲಿಯೇ ನಿಲ್ಲಲಿಲ್ಲ. ದುಡಿಯುವ ಜನರ, ಆಡುವ ಮಕ್ಕಳ ಮುಖಗಳಲ್ಲಿಯೂ ಅದೇ ಘನತೆಯನ್ನು ಅವರು ಕಂಡರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನ ಕಾರ್ಯವನ್ನು ಚಿತ್ರಿಸಿದರು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. 2009ರ ಡಿಸೆಂಬರ್ 13ರಂದು ಅವರು ಮೈಸೂರಿನಲ್ಲಿ ನಿಧನರಾದರು.